ಸ್ಟ್ಯಾನ್ಲಿಯವರ ಪೆಟ್ಟಿಗೆ

ಕೆಸರೆಯ ಆ ಮನೆಯಲ್ಲಿ ಸ್ಟ್ಯಾನ್ಲಿಯವರ ಅಪ್ಪಣೆ ಇಲ್ಲದೆ ಯಾವ ಯಂತ್ರವೂ ಕಣ್ಣು ಮಿಟುಕಿಸುವಂತಿರಲಿಲ್ಲ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಅಳತೆಯ ಉಪಕರಣಗಳನ್ನು ರಿಪೇರಿ ಮಾಡಿ ನಿವೃತ್ತರಾದವರು ಅವರು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸಣ್ಣ ಸ್ಕ್ರೂಡ್ರೈವರ್ ಇಲ್ಲದೆ ಭಾನುವಾರದ ಪೂಜೆಗೂ ಹೋದವರಲ್ಲ. ಹೊಸ ಟಿ.ವಿ. ಮನೆಗೆ ಬಂದ ದಿನ ಅದನ್ನು ಹಚ್ಚುವ ಮೊದಲೇ ಬೆನ್ನು ಬಿಚ್ಚಿ, ಮಾತು ಕದ್ದು ಕೇಳುವ ಪುಟ್ಟ ಮೈಕನ್ನು ಕಿತ್ತು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿದ್ದರು.

"ಗ್ಯಾರಂಟಿ ಹೋಗುತ್ತೆ ಕಣ್ರೀ" ಎಂದಿದ್ದರು ಅವರ ಹೆಂಡತಿ ಸೆಲಿನಾ.

"ಬಿಚ್ಚೋಕೆ ಬಿಡದೇ ಇರೋ ವಸ್ತು ನಮ್ಮದಲ್ಲ ಸೆಲಿ, ಬಾಡಿಗೆಗೆ ತಂದ ಹಾಗೆ. ಕೊಂಡೋನು ನಾನು, ಅಪ್ಪಣೆ ಕೊಡೋದು ಅವರಾ?"

ಪೂಜೆ ಮುಗಿದ ಮೇಲೆ ಚರ್ಚಿನ ಹುಣಸೆಮರದ ಕೆಳಗೆ ಜನ ಅವರ ಮುಂದೆ ಮೊಬೈಲು ಹಿಡಿದು ನಿಲ್ಲುತ್ತಿದ್ದರು. ಸ್ಟ್ಯಾನ್ಲಿ ಒಂದೊಂದನ್ನೇ ತಗೊಂಡು ಬೈಯುತ್ತಾ ಸರಿಮಾಡುತ್ತಿದ್ದರು. "ಅಲ್ಲಮ್ಮ, ಟಾರ್ಚ್ ಹತ್ತಿಸೋ ಆ್ಯಪಿಗೆ ನೀನು ಎಲ್ಲಿದೀಯ ಅಂತ ಯಾಕೆ ಬೇಕು? ಕತ್ತಲಲ್ಲಿದೀನಿ ಅಂತ ಗೊತ್ತಿದ್ರೆ ಸಾಲದಾ?" ಎಂದು ಅವರು ಕೇಳಿದರೆ ಫಾದರ್ ಕೂಡ ನಗುತ್ತಿದ್ದರು. ಸ್ಟ್ಯಾನ್ಲಿ ಮೆಚ್ಚಿದ್ದ ಯಂತ್ರ ಇಡೀ ಮನೆಯಲ್ಲಿ ಒಂದೇ, ಸೆಲಿನಾರ ಹಳೆಯ ಮಿಕ್ಸಿ. "ಮರ್ಯಾದಸ್ತ ಕಣೆ ಇದು. ತಿರುಗು ಅಂದ್ರೆ ತಿರುಗುತ್ತೆ, ನಿಲ್ಲು ಅಂದ್ರೆ ನಿಲ್ಲುತ್ತೆ. ನಾವು ಯಾವ ಚಟ್ನಿ ತಿಂದ್ವಿ ಅಂತ ಊರಿಗೆಲ್ಲ ಹೇಳ್ಕೊಂಡು ಬರಲ್ಲ."

ಈ ಹಟ ಹುಟ್ಟಿನಿಂದ ಬಂದದ್ದೇನಲ್ಲ. ಏಳು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಲವೀನಾ ಐದು ದಿನದ ಜ್ವರದಲ್ಲಿ ತೀರಿಕೊಂಡಳು. ಇಪ್ಪತ್ತೊಂಬತ್ತು ವರ್ಷ. ನರ್ಸರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಚರ್ಚಿನ ಗಾಯಕವೃಂದದಲ್ಲಿ ಹಾಡುತ್ತಿದ್ದಳು. ಅವಳ ಫೋಟೊ, ಅವಳ ಹಾಡು, ಮಕ್ಕಳ ಜೊತೆ ಕುಣಿದ ವಿಡಿಯೊ ಎಲ್ಲವನ್ನೂ ಅವಳು ಯಾವುದೋ ಕಂಪನಿಯ ಜಾಗದಲ್ಲಿ ಇಟ್ಟಿದ್ದಳು. ಅದನ್ನು ತೆರೆಯಲು ಸ್ಟ್ಯಾನ್ಲಿ ಆ ಕಂಪನಿಗೆ ಬರೆದರು. ಅವರು ಮರಣ ಪ್ರಮಾಣಪತ್ರ ಕೇಳಿದರು, ಇವರು ಕಳಿಸಿದರು. ಮತ್ತೆ ಕೇಳಿದರು, ಮತ್ತೆ ಕಳಿಸಿದರು. ಪ್ರತಿ ಸಲವೂ ಬಂದದ್ದು ಯಂತ್ರದ ಉತ್ತರ. ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಕೊನೆಯ ಉತ್ತರ ಬಂತು. ಬಹುಕಾಲ ಯಾರೂ ಬಳಸದ್ದರಿಂದ ಖಾತೆಯನ್ನು ಅಳಿಸಲಾಗಿದೆ ಎಂದು. ಆ ದಿನ ಸ್ಟ್ಯಾನ್ಲಿ ಊಟ ಮಾಡಲಿಲ್ಲ. ಬೈಯಲೂ ಇಲ್ಲ. ಹಿತ್ತಲಲ್ಲಿ ಕೂತು ಒಂದು ಹಳೇ ರೇಡಿಯೊದ ತಿರುಪುಗಳನ್ನು ಬಿಚ್ಚಿ, ಅವನ್ನೇ ಮತ್ತೆ ಹಾಕಿ, ಮತ್ತೆ ಬಿಚ್ಚಿ, ಸಂಜೆ ಮಾಡಿದರು.

ಉಳಿದದ್ದು ಮನೆಯ ಕಂಪ್ಯೂಟರಿನಲ್ಲಿದ್ದ ಸ್ವಲ್ಪ. ಅದರಲ್ಲಿ ಲವೀನಾ ಒಬ್ಬಳೇ ಹಾಡಿದ್ದು ಒಂದೇ ಒಂದು ಹಾಡು. ಗಾಯಕವೃಂದದ ಗುರು ಇನ್ನಾಸಿಮುತ್ತು ಅವರು ಮರಿಯಮ್ಮನ ಹಬ್ಬಕ್ಕೆ ಕಟ್ಟಿದ್ದ ಹಾಡು, ಅಭ್ಯಾಸಕ್ಕೆಂದು ಮನೆಯ ಹಾಲಿನಲ್ಲಿ ಕೂತು ಹಾಡಿದ್ದು. ಎರಡನೆಯ ಚರಣದ ನಡುವೆ ಅವಳು ನಿಲ್ಲಿಸುತ್ತಾಳೆ. "ಡ್ಯಾಡೀ, ಫ್ಯಾನ್ ಆಫ್ ಮಾಡಿ, ಗರಗರ ಅಂತ ಅದೂ ಹಾಡ್ತಿದೆ" ಎನ್ನುತ್ತಾಳೆ. ಸ್ಟ್ಯಾನ್ಲಿಯವರ ಚಪ್ಪಲಿಯ ಸದ್ದು, ಸ್ವಿಚ್ಚಿನ ಟಕ್, ಅವಳ ಒಂದು ಸಣ್ಣ ನಗು. ಆಮೇಲೆ ಹಾಡು ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಆ ಹಳೇ ಕಂಪ್ಯೂಟರ್ ಕೆಟ್ಟು ಮೂಲೆ ಸೇರುವ ಮೊದಲೇ ಆ ಸ್ವಲ್ಪವನ್ನು ಇಡಲು ಸ್ಟ್ಯಾನ್ಲಿ ಒಂದು ಪೆಟ್ಟಿಗೆ, ಅಂದರೆ ಪುಟ್ಟ ಕಂಪ್ಯೂಟರನ್ನೇ, ಕಟ್ಟಿದರು. ಹಾಲಿನ ಮೂಲೆಯ ಸ್ಟೂಲಿನ ಮೇಲೆ, ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡದು, ಹಸಿರು ದೀಪದ್ದು. ಯಾವ ಕಂಪನಿಯ ಹಂಗೂ ಇಲ್ಲದ್ದು. ಕರೆಂಟ್ ಹೋದರೂ ನಿಲ್ಲದಂತೆ ಎರಡು ಬ್ಯಾಟರಿ. ಒಳಗಿರುವುದಕ್ಕೆಲ್ಲ ಒಂದು ಬೀಗ. ಪೆಟ್ಟಿಗೆ ಓಡುತ್ತಿರುವವರೆಗೆ ಬೀಗ ತೆಗೆದೇ ಇರುತ್ತದೆ. ಒಮ್ಮೆ ಆಫ್ ಆದರೆ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ, ಎಂಟು ಪದಗಳನ್ನು ವರಸೆಯಾಗಿ ಟೈಪ್ ಮಾಡಿದರೆ ಮಾತ್ರ ತೆರೆಯುತ್ತದೆ. "ಕದ್ದುಕೊಂಡು ಹೋದರೂ ಕಳ್ಳನಿಗೆ ತಗಡು ಮಾತ್ರ ಸಿಗೋದು" ಎಂದು ಹೆಮ್ಮೆಯಿಂದ ಹೇಳಿದ್ದರು. ಪೆಟ್ಟಿಗೆಯ ಮೇಲೆ ಕೆಂಪು ಇಂಗ್ಲಿಷ್ ಅಕ್ಷರಗಳಲ್ಲಿ ಆಫ್ ಮಾಡಬಾರದೆಂದು ಬರೆದು ಅಂಟಿಸಿದ್ದರು. ನಿವೃತ್ತ ಮೇಷ್ಟರಮ್ಮನ ಅಭ್ಯಾಸ ಬಿಡದ ಸೆಲಿನಾ, "ಕನ್ನಡದಲ್ಲೂ ಒಂದು ಸಾಲು ಬರೀರಿ" ಎಂದಿದ್ದರು. "ಮನೇಲಿರೋರು ನಾವಿಬ್ಬರೇ ತಾನೆ, ನಿನಗೆ ಇಂಗ್ಲಿಷ್ ಬರಲ್ವಾ" ಎಂದು ಅವರು ನಕ್ಕಿದ್ದರು.

ದಿನಾ ಸಂಜೆ ಚರ್ಚಿನ ಆರರ ಗಂಟೆ ಬಾರಿಸಿದಾಗ ಗಂಡ ಹೆಂಡತಿ ಎದ್ದು ನಿಂತು ಪ್ರಾರ್ಥನೆ ಹೇಳುವರು. ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ತಾನಾಗಿ ಲವೀನಾಳ ಹಾಡು ಹಾಡುವುದು. ಐದು ವರ್ಷ ಒಂದು ಸಂಜೆಯೂ ತಪ್ಪಲಿಲ್ಲ.

ಎಂಟು ಪದಗಳನ್ನು ಸ್ಟ್ಯಾನ್ಲಿ ಎಲ್ಲಿಯೂ ಬರೆದಿಡಲಿಲ್ಲ. ಬರೆದಿಟ್ಟರೆ ಬೀಗದ ಮೇಲೇ ಕೀಲಿ ನೇತುಹಾಕಿದ ಹಾಗೆ ಎಂಬುದು ಅವರ ವಾದ. ಆದರೆ ಹೆಂಡತಿಗೆ ಕಲಿಸಬೇಕೆಂದು ಒಂದು ದಿನ ಊಟದ ಮೇಜಿನ ಮುಂದೆ ಕೂರಿಸಿಕೊಂಡಿದ್ದರು, ಚರ್ಚಿನ ಜ್ಞಾನೋಪದೇಶದ ಮಕ್ಕಳಿಗೆ ಕಲಿಸುವ ಹಾಗೆ. "ಮೊದಲನೇದು ಹಳದಿ. ಎರಡನೇದು ಕೊಡೆ. ಹೇಳು." ಲವೀನಾ ಮೂರನೆಯ ಕ್ಲಾಸಿನಲ್ಲಿ ಹಿಡಿದು ಹೋಗುತ್ತಿದ್ದ ಕೊಡೆ ಅದು. "ಹಳದಿ, ಕೊಡೆ" ಎಂದರು ಸೆಲಿನಾ. ಆಮೇಲೆ, ಒಳಗೆ ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದರು. "ಇವತ್ತಿಗೆ ಎರಡು ಸಾಕು ಬಿಡಿ, ಉಳಿದಿದ್ದು ನಾಳೆ" ಎಂದು ಎದ್ದರು. ನಾಳೆ ಏನೋ ಕೆಲಸ ಬಂತು. ನಾಳಿದ್ದು ಅವರೇ ಮರೆತರು. ನಿಜ ಹೇಳಬೇಕೆಂದರೆ ಸೆಲಿನಾರಿಗೆ ಗಂಡನ ಈ ಪಾಠಗಳು ಬೇಸರ ತರಿಸುತ್ತಿದ್ದವು. ಹಾಲು ಅಂದು ಉಕ್ಕಿರಲೂ ಇಲ್ಲ.

ಅದಾಗಿ ಒಂದು ವರ್ಷವೂ ತುಂಬಿರಲಿಲ್ಲ. ನವೆಂಬರಿನ ಒಂದು ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಸ್ಟ್ಯಾನ್ಲಿ ಬಚ್ಚಲಿನ ಬಾಗಿಲಿಗೆ ಒರಗಿ ಕುಸಿದರು. ಮೆದುಳಿನಲ್ಲಿ ರಕ್ತ ಕಟ್ಟಿತ್ತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು. ಉಳಿದದ್ದು ಒಂದೇ ಪದ, "ಆಯ್ತು." ನೀರು ಬೇಕಾ ಎಂದರೂ ಆಯ್ತು, ನೋವಾ ಎಂದರೂ ಆಯ್ತು. ಹೇಳುವುದು ಕೇಳಿಸುತ್ತದೆ, ಅರ್ಥವೂ ಆಗುತ್ತದೆ, ಪದಗಳು ಮಾತ್ರ ಹೊರಗೆ ಬರುವುದಿಲ್ಲ ಎಂದರು ಡಾಕ್ಟರು.

ಆಸ್ಪತ್ರೆಯ ಹತ್ತೊಂಬತ್ತು ದಿನವೂ ಪಕ್ಕದ ಮನೆಯ ಶಿವನಂಜಮ್ಮ ಎರಡು ಬಸ್ಸು ಬದಲಾಯಿಸಿ ಗಂಜಿ ತಂದರು. ನಂಜನಗೂಡು ಕಡೆಯ ಬೇಸಾಯದ ಮನೆಯಿಂದ ಮದುವೆಯಾಗಿ ಬಂದು, ಊದುಬತ್ತಿ ಕಾರ್ಖಾನೆಯಲ್ಲಿ ಕೈ ಸವೆಸಿದ ಹೆಂಗಸು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅವರು ಹತ್ತಿರ ಬಂದರೆ ತೆಳುವಾಗಿ ಗಂಧದ ಪರಿಮಳ ಬರುತ್ತಿತ್ತು. ಸೆಲಿನಾರ ಮನೆಯ ಕೀಲಿ ಅವರ ಹತ್ತಿರವೇ ಇತ್ತು. ಗಿಡಕ್ಕೆ ನೀರು ಹಾಕಿ, ಬೆಕ್ಕಿಗೆ ಅನ್ನ ಹಾಕಿ, ಒಮ್ಮೆ ಮನೆಯನ್ನೆಲ್ಲ ಗುಡಿಸಿ ಸಾರಿಸಿದ್ದರಂತೆ.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ನಿದ್ದೆಯಲ್ಲಿದ್ದ ಸ್ಟ್ಯಾನ್ಲಿಯವರ ಮಂಚದ ಪಕ್ಕ ಕೂತು ಗಂಜಿ ಆರಿಸುತ್ತಾ ಶಿವನಂಜಮ್ಮ ಹೇಳಿದರು: "ಮನೆ ಚಿಂತೆ ಬುಡಿ ಟೀಚರಮ್ಮ. ನಿನ್ನೆ ಕರೆಂಟು ಹೋಗಿ ಬಂದು, ಹೋಗಿ ಬಂದು, ನಿಮ್ಮ ಹಾಲಲ್ಲಿ ಕುಯ್ಯೋ ಕುಯ್ಯೋ ಅಂತ ಒಂದೇ ಸಮ ಕೂಗು. ಬಾಗಿಲು ತೆಗೆದು ನೋಡಿದ್ರೆ ಮೂಲೇಲಿ ಡಬ್ಬ ಕೆಂಪಗೆ ಕಣ್ಣು ಬಿಟ್ಕೊಂಡು ಕುಂತದೆ, ಮುಟ್ಟಿದ್ರೆ ಬಿಸಿ. ನಮ್ಮಣ್ಣನ ಅಂಗಡಿ ಇಂಗೇ ಅಲ್ವಾ ಸುಟ್ಟೋಗಿದ್ದು. ವೈರೆಲ್ಲ ಕಿತ್ತು, ಮೈನ್ ಸ್ವಿಚ್ಚೂ ಆಫ್ ಮಾಡ್ಬುಟ್ಟೆ. ಧೂಳು ಒರೆಸಿ, ನಿಮ್ಮ ಹೆಣಿಗೆ ಬಟ್ಟೆ ಮುಚ್ಚಿದೀನಿ."

ಸೆಲಿನಾ ಅವರ ಕೈ ಹಿಡಿದುಕೊಂಡು, "ಒಳ್ಳೇದಾಯ್ತು ಕಣಮ್ಮ, ನೀವಿಲ್ಲದಿದ್ರೆ ನಾನೇನು ಮಾಡ್ತಿದ್ದೆ" ಎಂದರು. ಮನಸ್ಸಿನಿಂದಲೇ ಹೇಳಿದರು. ಆಗ ಅವರ ತಲೆಯಲ್ಲಿ ಇದ್ದದ್ದು ಗಂಡನ ರಕ್ತದೊತ್ತಡದ ಅಂಕಿ ಮಾತ್ರ.

ಪೆಟ್ಟಿಗೆ ನೆನಪಾದದ್ದು ಆ ಸಂಜೆ. ಆಸ್ಪತ್ರೆಯ ಹತ್ತಿರದ ಯಾವುದೋ ಚರ್ಚಿನಲ್ಲಿ ಆರರ ಗಂಟೆ ಬಾರಿಸಿತು. ಸೆಲಿನಾ ಎದ್ದು ನಿಂತು ಪ್ರಾರ್ಥನೆ ಹೇಳಿ ಮುಗಿಸಿ, ಅಭ್ಯಾಸಬಲದಿಂದ ಹಾಡಿಗೆ ಕಿವಿಗೊಟ್ಟರು. ಆಫ್ ಆದ ಪೆಟ್ಟಿಗೆ ಎಂಟು ಪದ ಕೇಳುತ್ತದೆಂಬುದು ಆಗ ಹೊಳೆಯಿತು. ಗಂಡನ ಮುಖ ನೋಡಿದರು. ಅವರು ಕಣ್ಣು ಮುಚ್ಚಿಕೊಂಡಿದ್ದರು. ಎಡಗೈಯ ಬೆರಳು ಹೊದಿಕೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು.

ಮನೆಗೆ ಕರೆತಂದ ದಿನ ಗಾಲಿಕುರ್ಚಿ ಹಾಲಿಗೆ ಬರುತ್ತಲೇ ಸ್ಟ್ಯಾನ್ಲಿಯವರ ಕಣ್ಣು ಮೊದಲು ಹೋದದ್ದು ಆ ಮೂಲೆಗೆ. ಹೆಣಿಗೆ ಬಟ್ಟೆ ಹೊದ್ದುಕೊಂಡು ಪೆಟ್ಟಿಗೆ ಸುಮ್ಮನೆ ಕೂತಿತ್ತು. ದೀಪವಿಲ್ಲ. ಅವರು ಹೆಂಡತಿಯ ಕಡೆ ತಿರುಗಿದರು.

"ಕರೆಂಟ್ ಹೋಗಿತ್ತು ಕಣ್ರೀ, ತುಂಬ ಹೊತ್ತು" ಎಂದರು ಸೆಲಿನಾ. ಶಿವನಂಜಮ್ಮ ಹಿಂದೆಯೇ ಔಷಧಿಯ ಚೀಲ ಹಿಡಿದು ನಿಂತಿದ್ದರು. ಎರಡು ಬ್ಯಾಟರಿ ಇಟ್ಟ ಮನುಷ್ಯನಿಗೆ ಆ ಮಾತು ಸುಳ್ಳೆಂದು ಗೊತ್ತಾಗದೆ ಇರುತ್ತದೆಯೇ? ಅವರು ಒಮ್ಮೆ ಶಿವನಂಜಮ್ಮನನ್ನು ನೋಡಿದರು. ಅವರ ಕೈಯ ಚೀಲವನ್ನು ನೋಡಿದರು.

"ಆಯ್ತು" ಎಂದರು.

ನಂಜುಂಡಸ್ವಾಮಿ ಬಂದದ್ದು ಅದಾದ ಮೂರನೆಯ ವಾರ. ನಜರ್‌ಬಾದಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಐವತ್ತರ ಮನುಷ್ಯ. ಕಾರ್ಖಾನೆಯಲ್ಲಿ ಸ್ಟ್ಯಾನ್ಲಿಯವರ ಕೈಕೆಳಗೆ ಕೆಲಸ ಕಲಿತವರು. ಸೆಲಿನಾ ಮೊದಲೇ ಫೋನಿನಲ್ಲಿ ಎಲ್ಲ ಹೇಳಿ, "ಪಕ್ಕದ ಮನೆಯವರಿಗೆ ಮಾತ್ರ ಇದು ಗೊತ್ತಾಗಬಾರದು ಸ್ವಾಮಿ" ಎಂದು ಕೇಳಿಕೊಂಡಿದ್ದರು. ಶಿವನಂಜಮ್ಮ ಮಾರುಕಟ್ಟೆಗೆ ಹೋಗುವ ಹೊತ್ತು ನೋಡಿಕೊಂಡೇ ಅವರು ಬಂದರು.

ಪೆಟ್ಟಿಗೆಗೆ ಜೀವ ಬಂತು. ಹಸಿರು ದೀಪ ಹತ್ತಲಿಲ್ಲ, ಕೆಂಪು ಮಾತ್ರ. ಪರದೆಯ ಮೇಲೆ ಒಂದು ಖಾಲಿ ಗೆರೆ ಬಂದು ಪದಗಳಿಗಾಗಿ ಕಾಯುತ್ತಾ ನಿಂತಿತು. ನಂಜುಂಡಸ್ವಾಮಿ ಎರಡು ತಾಸು ಏನೇನೋ ಮಾಡಿ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, "ಸಾರ್, ಎಂಥಾ ಬೀಗ ಮಾಡಿದೀರ ಸಾರ್. ಒಂದು ಕಡೆನಾದ್ರೂ ಉಗುರು ತೂರಿಸೋಕೆ ಜಾಗ ಬಿಡಬಾರದಿತ್ತಾ" ಎಂದರು. ಸ್ಟ್ಯಾನ್ಲಿಯವರ ಮುಖದಲ್ಲಿ, ಬಾಯಿಯ ಎಡ ತುದಿಯಲ್ಲಿ, ಒಂದು ಚೂರು ಹೆಮ್ಮೆ ಬಂದು ಹೋಯಿತು. ಅದನ್ನು ನೋಡಿ ಸೆಲಿನಾ ಒಳಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಬಂದರು.

"ಅಮ್ಮ, ಇನ್ನೊಂದು ನೋಡೋಣ" ಎಂದರು ನಂಜುಂಡಸ್ವಾಮಿ. "ಬಾಯಿಗೆ ಬರದೆ ಇದ್ರೂ ಕೈಗೆ ನೆನಪಿರುತ್ತೆ ಒಂದೊಂದ್ಸಲ." ಕೀಬೋರ್ಡನ್ನು ತಂದು, ಮೊದಲೆರಡು ಪದ ತಾವೇ ಒತ್ತಿ, ಸ್ಟ್ಯಾನ್ಲಿಯವರ ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲಿಟ್ಟರು. ಸೆಲಿನಾ ಅವರ ಕಿವಿಯ ಹತ್ತಿರ ಬಗ್ಗಿ, "ಹಳದಿ, ಕೊಡೆ. ಆಮೇಲೆ?" ಎಂದರು.

ಸ್ಟ್ಯಾನ್ಲಿ ಹತ್ತು ಬೆರಳಿನಲ್ಲೂ ನೋಡದೆ ಟೈಪ್ ಮಾಡುತ್ತಿದ್ದವರು. ಎಡಗೈ ಏಳಿತು. ಬೆರಳುಗಳು ತಮ್ಮ ಜಾಗ ಹುಡುಕಿಕೊಂಡು ಕೂತವು. ಒಂದು ಕೀಲಿ ಒತ್ತಿದವು, ಇನ್ನೊಂದು ಒತ್ತಿದವು. ಆಮೇಲೆ ನಿಂತವು. ಮುಂದಿನ ಅಕ್ಷರ ಬಲಗೈಯದು. ಎಡಗೈ ಜೊತೆಗಾರ ಬರಲೆಂದು ಬಾಗಿಲಲ್ಲಿ ನಿಂತವರ ಹಾಗೆ ಕಾಯಿತು. ಬಲಗೈ ದಿಂಬಿನ ಪಕ್ಕ ಅಂಗೈ ಮೇಲಾಗಿ ಬಿದ್ದಿತ್ತು. ಎಡಗೈ ಮತ್ತೆ ಮೊದಲಿನಿಂದ ಶುರುಮಾಡಿತು, ಮತ್ತೆ ಅಲ್ಲೇ ನಿಂತಿತು. ಐದಾರು ಸಲ ಹೀಗಾದ ಮೇಲೆ ಸ್ಟ್ಯಾನ್ಲಿ ಎಡಗೈಯಿಂದ ಬಲಗೈಯನ್ನು ಎತ್ತಿ ತಂದು ಕೀಬೋರ್ಡಿನ ಮೇಲೆ ಇಟ್ಟರು. ಅದು ಜಾರಿ ಕೆಳಗೆ ಬಿತ್ತು.

"ಆಯ್ತು, ಆಯ್ತು, ಆಯ್ತು" ಎಂದರು ಅವರು. ಮಕ್ಕಳು ಬಿಕ್ಕುವ ಹಾಗೆ ಬಿಕ್ಕಿದರು. ಏಳು ವರ್ಷದ ಹಿಂದೆ, ಮಗಳ ಮೇಲೆ ಮಣ್ಣು ಹಾಕುವಾಗಲೂ ಅವರು ಹಾಗೆ ಅತ್ತಿರಲಿಲ್ಲ.

ಸೆಲಿನಾ ಕೀಬೋರ್ಡನ್ನು ತೆಗೆದಿಟ್ಟು ಅವರ ತಲೆಯನ್ನು ತಮ್ಮ ಹೊಟ್ಟೆಗೆ ಒರಗಿಸಿಕೊಂಡು ನಿಂತರು. "ನನ್ನದೇ ತಪ್ಪು ಕಣ್ರೀ. ಅವತ್ತು ಹಾಲು ಉಕ್ಕಿರಲಿಲ್ಲ" ಎಂದರು. ನಂಜುಂಡಸ್ವಾಮಿ ಬಾಗಿಲ ಹೊರಗೆ ಹೋಗಿ ತಮ್ಮ ಬೈಕಿನ ಕನ್ನಡಿಯನ್ನು ಬಹಳ ಹೊತ್ತು ಒರೆಸಿದರು.

ಹೋಗುವ ಮೊದಲು ಅವರು ಒಂದು ಕೆಲಸ ಮಾಡಿದರು. ತೆರೆಯಲಾಗದ ಆ ಡಿಸ್ಕನ್ನು ಹಾಗೇ, ಬೀಗದ ಸಮೇತ, ಹೊಸ ಡಿಸ್ಕೊಂದಕ್ಕೆ ಇಳಿಸಿಕೊಟ್ಟರು. "ಹಳೇದು ಯಾವಾಗ ಬೇಕಾದ್ರೂ ಕೆಡಬಹುದಮ್ಮ. ಒಳಗಿರೋದು ಮಾತ್ರ ಕೆಡೋದು ಬೇಡ. ನಾಳೆ ದಿನ ಸಾರಿಗೆ ಒಂದೊಂದಾಗಿ ನೆನಪಾದ್ರೆ?" ನೆನಪಾಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೂ ಅರ್ಧ ದಿನ ಅಂಗಡಿ ಮುಚ್ಚಿ ಕೂತು ಇಳಿಸಿದರು, ಕಾಫಿಯನ್ನಷ್ಟೇ ಕುಡಿದು ಹೋದರು.

ಡಿಸೆಂಬರ್ ಕಳೆಯಿತು. ಅವರೆಕಾಯಿಯ ಕಾಲ. ಸಂಜೆ ಶಿವನಂಜಮ್ಮ ಮೊರದ ತುಂಬ ನೆನೆಸಿದ ಅವರೆಕಾಳು ತಂದುಕೊಂಡು ಸೆಲಿನಾರ ಹಾಲಿನಲ್ಲಿ ಕಾಲು ಚಾಚಿ ಕೂರುವುದು ರೂಢಿಯಾಯಿತು. ಇಬ್ಬರೂ ಕಾಳು ಹಿಸುಕುತ್ತಿದ್ದರು. ಸ್ಟ್ಯಾನ್ಲಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಸೊಳ್ಳೆಗೆಂದು ಫ್ಯಾನ್ ತಿರುಗುತ್ತಿತ್ತು.

ಒಂದು ಸಂಜೆ ಆರರ ಗಂಟೆ ಬಾರಿಸಿ, ಪ್ರಾರ್ಥನೆ ಮುಗಿದು, ಮನೆ ಮೌನವಾದಾಗ ಶಿವನಂಜಮ್ಮ ತಲೆಯೆತ್ತದೆ ಕೇಳಿದರು. "ಟೀಚರಮ್ಮ, ಒಂದು ಮಾತು ಕೇಳ್ಲಾ? ಮಗೀನ ಹಾಡು ಹಾಕೋದೇ ಇಲ್ವಲ್ಲ ಈಗ."

ಸೆಲಿನಾರ ಬೆರಳ ನಡುವಿನ ಕಾಳು ಹಾರಿ ದೂರ ಬಿತ್ತು.

"ನಾನೆಲ್ಲಾದ್ರೂ ಆ ಡಬ್ಬ ಆಫ್ ಮಾಡಿ ಕೆಡಿಸ್ಬುಟ್ನಾ ಅಂತ" ಎಂದರು ಶಿವನಂಜಮ್ಮ. "ಬಂದಾಗಿಂದ ಅದೇ ಕೊರೀತಾ ಅದೆ. ಕೇಳೋಕೂ ಭಯ. ಮೇಲೆ ಕೆಂಪಗೆ ಏನೋ ಬರೆದಿತ್ತು, ನಂಗೆ ಓದೋಕೆ ಬರಲಿಲ್ಲ."

ಅವರ ಕಣ್ಣಿನಲ್ಲಿ ಆಗಲೇ ನೀರು ತುಂಬಿತ್ತು. ಸೆಲಿನಾ ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವರು. ಗಂಡನ ಕಡೆ ನೋಡಲು ಧೈರ್ಯ ಬರಲಿಲ್ಲ.

"ಅಯ್ಯೋ, ಎಲ್ಲಾದರೂ ಉಂಟೇ" ಎಂದರು. "ಪೆಟ್ಟಿಗೆ ಚೆನ್ನಾಗೇ ಇದೆ ಕಣಮ್ಮ. ಹಾಡು ಕೇಳಿದ್ರೆ ಇವರು ತುಂಬ ಅಳ್ತಾರೆ, ಸದ್ಯಕ್ಕೆ ಬೇಡ ಅಂತ ನಾನೇ ನಿಲ್ಲಿಸಿದೀನಿ. ನೀವು ಅವತ್ತು ಆಫ್ ಮಾಡದೇ ಇದ್ದಿದ್ರೆ ಮನೆಗೇ ಬೆಂಕಿ ಬೀಳ್ತಿತ್ತೇನೋ. ಅಲ್ವೇನ್ರೀ?"

ಸ್ಟ್ಯಾನ್ಲಿ ಶಿವನಂಜಮ್ಮನ ಮುಖ ನೋಡಿದರು. ತಮ್ಮ ವಸ್ತುವನ್ನು ಇನ್ನೊಬ್ಬರು ಮುಟ್ಟಿದರೆ ಮನೆ ಕಿತ್ತುಹೋಗುವ ಹಾಗೆ ಕೂಗಾಡುತ್ತಿದ್ದ ಮನುಷ್ಯ ಅವರು.

"ಆಯ್ತು" ಎಂದರು ಸ್ಟ್ಯಾನ್ಲಿ. ಎಡಗೈ ಎತ್ತಿ ಶಿವನಂಜಮ್ಮನ ಕಡೆ, ಇರಲಿ ಬಿಡಿ ಎನ್ನುವ ಹಾಗೆ, ಎರಡು ಸಲ ಆಡಿಸಿದರು.

"ಅಂಗಾದ್ರೆ ಸರಿ ಬುಡಿ. ಎದೆ ಮೇಲಿನ ಕಲ್ಲು ಇಳೀತು" ಎಂದು ಶಿವನಂಜಮ್ಮ ಮೂಗು ಒರೆಸಿಕೊಂಡರು. ಮತ್ತೆ ಕಾಳಿಗೆ ಕೈ ಹಾಕಿದರು.

ಹಗುರಾದ ಮನಸ್ಸಿಗೆ ಏನು ಮಾಡುತ್ತಿದ್ದೇನೆಂಬ ಎಚ್ಚರ ಇರುವುದಿಲ್ಲವೇನೋ. ಕಾಳು ಹಿಸುಕುತ್ತಾ ಹಿಸುಕುತ್ತಾ ಶಿವನಂಜಮ್ಮ ಗುನುಗತೊಡಗಿದರು. ಸೆಲಿನಾ ಮೊದಲು ಗಮನಿಸಲಿಲ್ಲ. ಆಮೇಲೆ ಅವರ ಕೈ ನಿಂತಿತು. ಅದು ಇನ್ನಾಸಿಮುತ್ತು ಅವರ ಹಾಡು. ಪದಗಳಿಲ್ಲ, ರಾಗ ಮಾತ್ರ. ಐದು ವರ್ಷ ದಿನಾ ಆರು ಗಂಟೆಗೆ ಗೋಡೆಯಾಚೆ ಒಲೆ ಮುಂದೆ ಕೂತು ಕೇಳಿದ್ದು, ಚರ್ಚಿನ ಮೆಟ್ಟಿಲು ಹತ್ತದ ಆ ಹೆಂಗಸಿನ ಗಂಟಲಲ್ಲಿ ಹಾಗೇ ಕೂತುಬಿಟ್ಟಿತ್ತು. ಲವೀನಾ ಎಲ್ಲಿ ಉಸಿರು ತಗೊಳ್ಳುತ್ತಿದ್ದಳೋ ಇವರೂ ಅಲ್ಲೇ ತಗೊಂಡರು. ಮೊದಲನೆಯ ಚರಣ ಮುಗಿಯಿತು. ಎರಡನೆಯದು ಶುರುವಾಯಿತು. ಅರ್ಧಕ್ಕೆ ಬಂದು, ಅದೇ ಜಾಗದಲ್ಲಿ, ಶಿವನಂಜಮ್ಮ ನಿಲ್ಲಿಸಿದರು.

ಅವರಿಗೆ ಅದೂ ಹಾಡಿನದೇ ಭಾಗ. ತಲೆ ತಗ್ಗಿಸಿಕೊಂಡು ಒಂದು ಕಾಳು ಹಿಸುಕಿದರು, ಇನ್ನೊಂದು ಹಿಸುಕಿದರು, ಅಷ್ಟು ಹೊತ್ತು ಬಿಡಬೇಕೆಂಬಂತೆ ಬಿಟ್ಟುಕೊಂಡು ಕೂತರು.

ಕುರ್ಚಿ ಕಿರುಗುಟ್ಟಿತು. ಸ್ಟ್ಯಾನ್ಲಿ ಎಡಗೈ ಎತ್ತಿದ್ದರು. ತೋರುಬೆರಳು ಗೋಡೆಯ ಸ್ವಿಚ್ಚಿನ ಕಡೆ ಚಾಚಿತ್ತು. ಏಳಲು ನೋಡುತ್ತಿದ್ದರು, ಆಗುತ್ತಿರಲಿಲ್ಲ.

ಸೆಲಿನಾ ಮಡಿಲಿನ ಸಿಪ್ಪೆಯನ್ನು ಕೊಡವದೆಯೇ ಎದ್ದರು. ಚಪ್ಪಲಿ ಎಳೆದುಕೊಂಡು ಗೋಡೆಯ ತನಕ ಹೋಗಿ ಫ್ಯಾನ್ ಆಫ್ ಮಾಡಿದರು. ಟಕ್ ಎಂದಿತು. ರೆಕ್ಕೆಗಳು ನಿಧಾನವಾಗಿ ನಿಂತವು.

ಆ ನಗು ಮಾತ್ರ ಬರಲಿಲ್ಲ. ಅದಕ್ಕಾಗಿ ಇಬ್ಬರೂ ಕಾದರು, ಮೂಲೆಯ ಕಡೆ ನೋಡದೆ.

"ಯಾಕೆ ಟೀಚರಮ್ಮ, ಚಳೀನಾ?" ಎಂದರು ಶಿವನಂಜಮ್ಮ.

"ಹೂಂ" ಎಂದರು ಸೆಲಿನಾ. ಮತ್ತೆ ಬಂದು ಕೂತು ಮೊರವನ್ನು ಹತ್ತಿರ ಎಳೆದುಕೊಂಡರು. "ನೀವು ನಿಲ್ಲಿಸಬೇಡಿ. ಹಾಡು ಹೇಳಿ."